ದಾನವ್ವನ ಬರಿಗೊರಳು

ದಾನವ್ವ ನನ್ನ ಕೈಯ ಗಂಜಿಯನ್ನು ಬೇಡವೆಂದದ್ದು ಒಂದು ಬುಧವಾರ. ಬಾಯಿ ಬಿಟ್ಟು ಹೇಳಲಿಲ್ಲ. ಅವಳಿಗೆ ಮಾತು ಹೋಗಿ ನಾಲ್ಕು ತಿಂಗಳಾಗಿತ್ತು. ಚಮಚ ತುಟಿಯ ಹತ್ತಿರ ಬಂದ ಕೂಡಲೇ ಹಲ್ಲು ಕಚ್ಚಿಕೊಂಡಳು, ಅಷ್ಟೆ. ನಾನು ಗಂಜಿಯ ಪಾತ್ರೆಯನ್ನು ನೆಲಕ್ಕೆ ಕುಕ್ಕಿ ಎದ್ದು ಬಂದೆ.

ನನ್ನ ಸಿಟ್ಟು ಚಾಳಿಗೆಲ್ಲ ಗೊತ್ತಿದ್ದದ್ದೇ. ನಳದ ಹತ್ತಿರ ಈ ವಾರಿಜಾ, ಎಂದರೆ ನಾನು, ಬಾಯಿ ತೆಗೆದೆನೆಂದರೆ ದೊಡ್ಡ ದೊಡ್ಡ ಗಂಡಸರೂ ತಮ್ಮ ಬಾಲ್ದಿ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಮುಂಬಯಿಯಲ್ಲಿ ಬದುಕುವುದಕ್ಕೆ ಅಷ್ಟು ಬಾಯಿ ಬೇಕು, ಅದಕ್ಕಾಗಿ ನನಗೆ ನಾಚಿಕೆಯಿಲ್ಲ. ಆದರೆ ಆ ಬುಧವಾರದ ಸಿಟ್ಟಿಗಾಗಿ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆಗ ನಾವಿದ್ದದ್ದು ವಡಾಲದಲ್ಲಿ, ರೈಲ್ವೆ ಯಾರ್ಡಿನ ಹಿಂದಿನ ಚಾಳಿನ ಎರಡನೆಯ ಮಾಳಿಗೆಯಲ್ಲಿ. ನಯಾ ಪೈಸೆ ಬಂದ ವರ್ಷ ಅದು, ಐವತ್ತೇಳು. ನನ್ನ ಗಂಡ ಮೋನಪ್ಪನಿಗೆ ಬಂದರಿನ ಡಾಕಿನ ಕ್ಯಾಂಟೀನಿನಲ್ಲಿ ಅಡುಗೆಯ ಕೆಲಸ. ನಾವು ಮಲ್ಪೆಯ ಕಡೆಯ ಮೊಗವೀರರು. ಮೀನಿಲ್ಲದೆ ನಮಗೆ ಅನ್ನ ಇಳಿಯುವುದಿಲ್ಲ. ಗೋಡೆಯ ಆಚೆಗಿನ ಖೋಲಿಯಲ್ಲಿ ಬೈಲಹೊಂಗಲದ ಕಡೆಯ ಲಿಂಗಾಯತರು. ದಾನವ್ವ, ಅವಳ ಮಗ ಗದಿಗೆಪ್ಪ, ಸೊಸೆ ಚನ್ನವ್ವ, ಒಂದೂವರೆ ವರ್ಷದ ಮೊಮ್ಮಗಳು. ಗದಿಗೆಪ್ಪ ಪೋರ್ಟ್ ಟ್ರಸ್ಟಿನ ರೈಲಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಎರಡು ಖೋಲಿಗಳ ನಡುವಿನ ಗೋಡೆ ಎಷ್ಟು ತೆಳ್ಳಗೆಂದರೆ ಅವರ ಮನೆಯಲ್ಲಿ ಕೆಮ್ಮಿದರೆ ನಾನು ನೀರು ಕುಡಿಯಬೇಕು, ಹಾಗಿತ್ತು.

ನನಗೆ ಮೂವತ್ತು, ದಾನವ್ವನಿಗೆ ಅರವತ್ತೈದು. ಆದರೂ ನಾವು ಗೆಳತಿಯರು. ಅವಳ ಕನ್ನಡ ನನಗೆ ಅರ್ಧ ತಿಳಿಯುತ್ತಿರಲಿಲ್ಲ. ನನ್ನ ಕನ್ನಡ ಕೇಳಿದರೆ ಅವಳು ಸೆರಗನ್ನು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. "ಸಾಲಿ ಮಾಸ್ತರ ಮಾತಾಡಿದಂಗ ಆಕ್ಕೈತಿ ನೋಡ ತಂಗಿ, ನಿನ್ನ ಮಾತು ಕೇಳಿದ್ರ." ನನಗೆ ರೊಟ್ಟಿ ತಟ್ಟಲು ಕಲಿಸಿದವಳು ಅವಳು. ನನ್ನ ಮೊದಲ ಮಗು ಹನ್ನೊಂದು ದಿನ ಬದುಕಿ ಹೋದಾಗ ಊರಿನಿಂದ ಓಡಿ ಬರುವವರು ನನಗೆ ಯಾರೂ ಇರಲಿಲ್ಲ. ಮೂರು ದಿನ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳೂ ಅವಳೇ. ಹೆತ್ತ ತಾಯಿಗಿಂತ ಹೆಚ್ಚೆಂದು ನಾನು ಹೇಳಿದರೆ ಅದರಲ್ಲಿ ಉತ್ಪ್ರೇಕ್ಷೆಯಿಲ್ಲ.

ಒಂದೇ ಒಂದು ವಿಷಯ ನನ್ನೊಳಗೆ ಮುಳ್ಳಾಗಿತ್ತು. ಎಂಟು ವರ್ಷದಲ್ಲಿ ದಾನವ್ವ ನಮ್ಮ ಮನೆಯಲ್ಲಿ ಒಂದು ತುತ್ತು ಅನ್ನ ಉಂಡಿರಲಿಲ್ಲ. ಹಬ್ಬಕ್ಕೆ ಕರೆದರೆ ಬರುವಳು, ಬಾಳೆಹಣ್ಣು ತಿನ್ನುವಳು, ಸಕ್ಕರೆ ಬಾಯಿಗೆ ಹಾಕಿಕೊಳ್ಳುವಳು. "ಅಜ್ಜಿ, ನಮ್ಮ ಪಾತ್ರೆಯೊಳಗೆ ಬಂಗುಡೆ ಈಜ್ತಾ ಉಂಟಾ?" ಎಂದು ನಾನು ಕೆಣಕಿದರೆ ನಗುವಳು. ನಾನೂ ನಗುತ್ತಿದ್ದೆ. ಆದರೆ ನಗುವುದು ಬೇರೆ, ಮರೆಯುವುದು ಬೇರೆ.

ಅವಳ ಕೊರಳಲ್ಲಿ ಕೋಳಿಮೊಟ್ಟೆಯಷ್ಟು ದೊಡ್ಡದೊಂದು ಬೆಳ್ಳಿಯ ಕರಡಿಗೆ, ಅದರೊಳಗೆ ಅವಳ ಲಿಂಗ. ಬೆಳಿಗ್ಗೆ ಜಳಕ ಮಾಡಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡುತ್ತಿದ್ದಳು. ನಾನು ಎಷ್ಟೋ ಸಲ ಬಾಗಿಲಲ್ಲಿ ನಿಂತು ನೋಡಿದ್ದೇನೆ. ನಾವು ಸಂಜೆ ದೀಪ ಹಚ್ಚುವಂತೆಯೇ ಇದೂ ಒಂದು ಎಂದುಕೊಂಡಿದ್ದೆ. ಒಂದು ದಿನ ತಪ್ಪಿದರೆ ಮರುದಿನ ಮಾಡಿದರಾಯಿತು ಎಂದುಕೊಂಡಿದ್ದೆ.

ಆ ವರ್ಷ ಸಂಕ್ರಾಂತಿ ಕಳೆದ ವಾರ ದಾನವ್ವ ನಳದ ಹತ್ತಿರ ಬಿದ್ದಳು. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಹದಿನೈದು ದಿನ ಸರಕಾರಿ ಆಸ್ಪತ್ರೆಯಲ್ಲಿಟ್ಟುಕೊಂಡು, ಇನ್ನು ಮಾಡುವುದೇನಿಲ್ಲ, ಮಲಗಿಸಿ ನೋಡಿಕೊಳ್ಳಬೇಕು ಎಂದರು. ಇಂಥವರನ್ನು ಇಟ್ಟುಕೊಳ್ಳುವ ಧರ್ಮದ ವಾರ್ಡೊಂದಿದೆ ಎಂದು ಅಲ್ಲಿನ ನರ್ಸು ಹೇಳಿದಳಂತೆ. ಗದಿಗೆಪ್ಪ ಸಿಡಿದೆದ್ದ.

"ನಮ್ಮವ್ವನ್ನ ಮಂದಿ ಕೈಗೆ ಕೊಡಾಂಗಿಲ್ರಿ. ಮನಿಯಾಗ ಸೊಸಿ ಅದಾಳ, ನೋಡ್ಕೋತಾಳ."

ಚಾಳಿನ ಗ್ಯಾಲರಿಯಲ್ಲಿ ನೆರೆದ ಅಕ್ಕಪಕ್ಕದವರೆಲ್ಲ ತಲೆದೂಗಿದರು. ಮಗನೆಂದರೆ ಇಂಥವನಿರಬೇಕು. ನಾನೂ ತಲೆದೂಗಿದೆ. ಆ ನೋಡಿಕೊಳ್ಳುವವಳು ಬಾಗಿಲ ಹಿಂದೆ ನಿಂತಿದ್ದಳು. ಅವಳ ಮುಖವನ್ನು ನಮ್ಮಲ್ಲಿ ಒಬ್ಬರೂ ನೋಡಲಿಲ್ಲ.

ಚನ್ನವ್ವನಿಗೆ ಇಪ್ಪತ್ತನಾಲ್ಕು ವರ್ಷ. ಸೊಂಟದಲ್ಲೊಂದು ಕೂಸು, ಹೊಟ್ಟೆಯಲ್ಲಿ ಆಗಷ್ಟೇ ನಿಂತ ಇನ್ನೊಂದು. ನೀರು ಬರುವುದು ಬೆಳಿಗ್ಗೆ ಐದರಿಂದ ಏಳರವರೆಗೆ, ಅದೂ ಕೆಳಗಿನ ಅಂಗಳದ ನಳದಲ್ಲಿ. ಒಂದೊಂದು ಬಾಲ್ದಿಯನ್ನೂ ಎರಡು ಮಾಳಿಗೆ ಹತ್ತಿಸಬೇಕು. ದಾನವ್ವನ ಹಾಸಿಗೆ ದಿನಕ್ಕೆ ಮೂರು ಸಲವೋ ನಾಲ್ಕು ಸಲವೋ ಹೊಲಸಾಗುತ್ತಿತ್ತು. ಬಟ್ಟೆ ಒದ್ದೆ ಮಾಡಿ ಒರೆಸಿದರೆ ಅವಳಿಗೆ ಸಾಲದು. ಎಡಗೈಯಿಂದ ನೆಲ ಬಡಿದು ಬಡಿದು ಮೈಮೇಲೆ ನೀರು ಸುರಿಯೆಂದು ಕೇಳುತ್ತಿದ್ದಳು. ಅದೆಂಥ ಹಟವೋ ಎಂದು ನಾನೇ ಎಷ್ಟೋ ಸಲ ಅಂದುಕೊಂಡಿದ್ದೇನೆ. ಆ ಜಳಕವಾದ ಮೇಲೆ ಅವಳ ಎಡಗೈಯಲ್ಲಿ ಲಿಂಗವಿಟ್ಟು, ನೀರು, ವಿಭೂತಿ, ಹೂವು ಎಲ್ಲವನ್ನೂ ಚನ್ನವ್ವನೇ ಹಾಕಬೇಕು. ಅಷ್ಟರಲ್ಲಿ ಕೂಸು ಅಳುವುದು, ಒಲೆ ಆರುವುದು, ಗದಿಗೆಪ್ಪ ಡ್ಯೂಟಿಗೆ ಹೊತ್ತಾಯಿತೆಂದು ಕೂಗುವುದು.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ದಾನವ್ವ ನನಗೆ ತಾಯಿಯಾಗಿದ್ದಳು, ಸೊಸೆಗೆ ಅತ್ತೆಯೇ ಆಗಿದ್ದಳು. ರೊಟ್ಟಿ ದಪ್ಪವಾಯಿತೆಂದು ಅವಳು ತಾಟನ್ನು ದೂಡಿದ್ದನ್ನು, ಹೊಸ ಮದುಮಗಳು ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಂಡದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಆಗ ನನಗೆ ಅದೊಂದು ತಮಾಷೆ.

ಮೊದಲ ಪೆಟ್ಟು ಕೇಳಿಸಿದ್ದು ಹೋಳಿಯ ಹಿಂದುಮುಂದು, ಒಂದು ಮಧ್ಯಾಹ್ನ. ರೊಟ್ಟಿ ತಟ್ಟುವ ಸದ್ದು ನನಗೆ ಗೊತ್ತು. ಅದು ರೊಟ್ಟಿಯ ಸದ್ದಲ್ಲ. ಹೋಗಿ ನೋಡಿದರೆ ದಾನವ್ವನ ಕೆನ್ನೆ ಕೆಂಪಾಗಿತ್ತು. "ಸೊಳ್ಳಿ ಕುಂತಿತ್ತು ಅಕ್ಕಾ, ಹೊಡದೆ," ಎಂದಳು ಚನ್ನವ್ವ, ನನ್ನ ಮುಖ ನೋಡದೆ. ನಾನು ಅವಳಿಗೆ ಚೆನ್ನಾಗಿ ಬೈದು ಬಂದೆ. ಒಂದು ಬಾಲ್ದಿ ನೀರು ಹೊತ್ತುಕೊಟ್ಟೆನೇ? ಇಲ್ಲ. ಬೈದು ಬಂದೆ.

ವಾರ ಕಳೆದು ಮತ್ತೆ ಅದೇ ಸದ್ದು. ಮತ್ತೆ. ಗ್ಯಾಲರಿಯವರಿಗೂ ಕೇಳಿಸುತ್ತಿತ್ತು, ಆದರೆ ಅವರವರ ಮನೆಯ ವಿಷಯ ನಮಗೇಕೆ ಎನ್ನುತ್ತಿದ್ದರು. ನಾನು ಹಾಗೆ ಸುಮ್ಮನಿರುವವಳೇ? ಒಂದು ಸಂಜೆ ಗದಿಗೆಪ್ಪನನ್ನು ಮೆಟ್ಟಿಲ ಮೇಲೆ ತಡೆದು ಹೇಳಿಯೇಬಿಟ್ಟೆ. ಅವನು ಅಲ್ಲೇ ನಿಂತು ಕಣ್ಣೀರು ಹಾಕಿದ. ಆಮೇಲೆ ಒಳಗೆ ಹೋಗಿ ಬಸುರಿ ಹೆಂಡತಿಯನ್ನು ಹೊಡೆದ. ಆ ಪೆಟ್ಟುಗಳೂ ಗೋಡೆ ದಾಟಿ ಬಂದವು. ನಂತರ ಅಂಗಿ ಹಾಕಿಕೊಂಡು ಡ್ಯೂಟಿಗೆ ಹೋದ. ಮಗನ ಕರ್ತವ್ಯ ಅಲ್ಲಿಗೆ ಮುಗಿಯಿತು. ಮರುದಿನದಿಂದ ಆ ಮನೆಯ ಬಾಗಿಲು ನನಗೆ ಮುಚ್ಚಿತು. ಚನ್ನವ್ವ ರೇಶನ್ನಿಗೆ ಹೋಗುವಾಗ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದಳು. ಒಳಗೆ ದಾನವ್ವ ನೆಲ ಬಡಿಯುವುದು ಕೇಳಿಸುತ್ತಿತ್ತು.

ಮೇ ತಿಂಗಳಲ್ಲಿ, ಆ ಬುಧವಾರ ಬೆಳಿಗ್ಗೆ, ಚನ್ನವ್ವ ತಾನಾಗಿಯೇ ನನ್ನ ಬಾಗಿಲಿಗೆ ಬಂದಳು.

"ಅಕ್ಕಾ, ಎರಡ ದಿನ ಆತು, ಅತ್ತಿ ಬಾಯಿ ತಗೀವಲ್ಲಳು. ನಿಮ್ಮ ಮ್ಯಾಲೆ ಆಕೀಗೆ ಜೀವ. ನೀವು ಒಂದ ತುತ್ತ ಉಣಿಸಿ ನೋಡ್ರಿ."

ನನ್ನ ಎದೆ ಕರಗಿಹೋಯಿತು. ನಿಜ ಹೇಳಬೇಕೆಂದರೆ ಸ್ವಲ್ಪ ಹೆಮ್ಮೆಯೂ ಆಯಿತು. ಮದುವೆಯಲ್ಲಿ ಅಮ್ಮ ಕೊಟ್ಟಿದ್ದ ಕಂಚಿನ ಪಾತ್ರೆಯೊಂದಿತ್ತು. ಮೀನು ಅದನ್ನು ಯಾವತ್ತೂ ಮುಟ್ಟಿರಲಿಲ್ಲ. ಹುಣಸೆಹಣ್ಣು ಹಚ್ಚಿ ಅದನ್ನು ತಿಕ್ಕಿ ಬೆಳಗಿದೆ. ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ನಿಂತು ಗಂಜಿ ಬೇಯಿಸಿದೆ. ಎಂಟು ವರ್ಷದ ಮೇಲೆ ದಾನವ್ವ ನನ್ನ ಕೈಯ ಅನ್ನ ಉಣ್ಣುತ್ತಾಳೆ ಎನ್ನುವುದೊಂದೇ ನನ್ನ ತಲೆಯಲ್ಲಿತ್ತು.

ಎರಡು ತಿಂಗಳಲ್ಲಿ ಅವಳು ಅರ್ಧವಾಗಿದ್ದಳು. ಅಂಥ ಬೇಸಗೆಯಲ್ಲಿ ಗದ್ದದವರೆಗೆ ಚಾದರ ಹೊದಿಸಿದ್ದರು. ನನ್ನನ್ನು ಕಂಡದ್ದೇ ಅವಳ ಕಣ್ಣು ತುಂಬಿ ಬಂತು. ತುಟಿ ಅಲುಗಿತು. ನಾನು ಪಕ್ಕದಲ್ಲಿ ಕೂತು, ಗಂಜಿಯನ್ನು ಊದಿ ಆರಿಸಿ, ಚಮಚವನ್ನು ಬಾಯಿಯ ಹತ್ತಿರ ತಂದೆ. ಆಗಲೇ ಅವಳು ಹಲ್ಲು ಕಚ್ಚಿಕೊಂಡದ್ದು. ಬಾಯಿ ತೆರೆಯಿರಿ ಅಜ್ಜಿ, ವಾರಿಜಾ ಅಲ್ವಾ ನಾನು ಎಂದೆ. ಅವಳು ತಲೆಯಾಡಿಸಿದಳು. ಎಡಗೈಯಿಂದ ನನ್ನ ಕೈ ಹಿಡಿದು, ಚಾದರದೊಳಗೆ ಎಳೆದುಕೊಂಡು, ತನ್ನ ಕೊರಳಿಗೆ, ಎದೆಗೆ ಒತ್ತಿ ಒತ್ತಿ ತೋರಿಸಿದಳು. ಕೊರಳು ಬರಿದಾಗಿತ್ತು. ಮತ್ತೆ ಒತ್ತಿದಳು. ಕಣ್ಣು ಗೋಡೆಯ ಮೇಲಿನ ಹಲಗೆಯ ಕಡೆಗೆ ಹೋಗಿ ಬಂತು. ನಾನು ಹಲಗೆಯನ್ನು ನೋಡಲಿಲ್ಲ.

ನನಗೆ ಅರ್ಥವಾದದ್ದು ಒಂದೇ. ನಾನು ಲಿಂಗ ಕಟ್ಟಿದವಳು, ನೀನು ಮೀನಿನವಳು, ನಿನ್ನ ಕೈಯಿಂದ ಉಣ್ಣುವುದು ಹೇಗೆ ಎಂದು ಹೇಳುತ್ತಿದ್ದಾಳೆ. ಎಂಟು ವರ್ಷದ ಮುಳ್ಳು ಒಂದೇ ಸಲಕ್ಕೆ ಮೇಲೆದ್ದಿತು. ಎರಡು ದಿನ ಉಪವಾಸ ಬಿದ್ದ ಮುದುಕಿಯ ಎದುರು ನಿಂತು ನಾನು ಹೇಳಿದ ಮಾತು ಇದು:

"ಹೀಗೆ ಬಿದ್ದುಕೊಂಡರೂ ನಿಮಗೆ ಜಾತಿ ಬಿಡ್ಲಿಕ್ಕೆ ಆಗುವುದಿಲ್ಲ ಅಲ್ವಾ? ನನ್ನ ಕೈ ಹೊಲಸಾದರೆ ಹಸಿದುಕೊಂಡೇ ಇರಿ."

ಅವಳ ಎಡಗೈ ಚಾದರದ ಹೊರಗೆ ಹಾಗೆಯೇ ಚಾಚಿಕೊಂಡಿತ್ತು. ಬಾಗಿಲಲ್ಲಿ ಕೂಸನ್ನೆತ್ತಿಕೊಂಡು ನಿಂತಿದ್ದ ಚನ್ನವ್ವ ಏನೋ ಹೇಳಲು ಬಾಯಿ ತೆರೆದಳು. ನಾನು ಅವಳನ್ನು ಸರಿಸಿಕೊಂಡು ಹೊರಗೆ ಬಂದೆ.

ಆಮೇಲೆ ಐದು ದಿನ ನಾನು ಆ ಕಡೆ ತಲೆ ಹಾಕಲಿಲ್ಲ. ಶುಕ್ರವಾರ ಬಂಗುಡೆ ತಂದು, ಬೇಕೆಂದೇ ಬಾಗಿಲು ತೆರೆದಿಟ್ಟು ಹುರಿದೆ. ವಾಸನೆ ಗೋಡೆಯಾಚೆ ಹೋಗಲಿ ಎಂದು ಹುರಿದೆ. ಇದನ್ನು ಬಿಟ್ಟು ಬರೆದರೆ ಅದು ಸುಳ್ಳಾಗುತ್ತದೆ. ಆಚೆಯಿಂದ ನೆಲ ಬಡಿಯುವ ಸದ್ದು ಕಡಿಮೆಯಾಗುತ್ತ ಬಂದು, ಭಾನುವಾರ ಪೂರ್ತಿ ನಿಂತಿತು. ಮುದುಕಿಗೆ ಬುದ್ಧಿ ಬಂತು, ಉಂಡು ಮಲಗಿದ್ದಾಳೆ ಎಂದುಕೊಂಡೆ.

ಸೋಮವಾರ ನಾಲ್ಕು ಗಂಟೆಗೆ ಮೋನಪ್ಪ ಕೆಲಸ ಮುಗಿಸಿ ಬಂದ. ನಾನು ಖೋಲಿಯ ಮೂಲೆಯ ಬಚ್ಚಲುಮೋರಿಯಲ್ಲಿ ಕೂತು ಮೀನು ತೊಳೆಯುತ್ತಿದ್ದೆ. ಅದುವರೆಗೆ ಅವನಿಗೆ ಈ ಅವಮಾನ ಹೇಳಿರಲಿಲ್ಲ. ಆ ದಿನ ಯಾಕೋ ತಡೆಯದೆ ಎಲ್ಲ ಹೇಳಿದೆ. ಕಂಚಿನ ಪಾತ್ರೆ, ಕಚ್ಚಿದ ಹಲ್ಲು, ಕೊರಳಿಗೆ ಒತ್ತಿಕೊಂಡ ಕೈ, ಎಲ್ಲವನ್ನೂ.

ಅವನು ಅಂಗಿಯ ಗುಂಡಿ ಬಿಚ್ಚುತ್ತಿದ್ದವನು ನಿಂತ. "ಅಲ್ಲ ಮಾರಾಯ್ತಿ, ಅಜ್ಜಿಯ ಕೊರಳಲ್ಲಿ ಲಿಂಗ ಇತ್ತಾ?"

"ಇರಲಿಲ್ಲ. ಅದಕ್ಕೂ ಗಂಜಿಗೂ ಎಂತ ಸಂಬಂಧ?"

"ಎಂತ ಸಂಬಂಧವಾ? ನಮ್ಮ ಡಾಕಿನ ಕೂಲಿಗಳ ಮುಕಾದಮ ಶಿವಪುತ್ರಪ್ಪ ಇದ್ದಾನಲ್ಲ, ಅವನೂ ಅಜ್ಜಿಯವರ ಪೈಕಿಯೇ. ಹೋದ ತಿಂಗಳು ಸ್ನಾನ ಮಾಡುವಾಗ ಲಿಂಗ ತೆಗೆದು ಮೊಳೆಗೆ ಸಿಕ್ಕಿಸಿದವ ಮರೆತು ಕೆಲಸಕ್ಕೆ ಬಂದ. ಆ ಬಿಸಿಲಿನಲ್ಲಿ ಸಂಜೆವರೆಗೆ ಒಂದು ಗುಟುಕು ಚಾ ಇಲ್ಲ, ನೀರಿಲ್ಲ. ನಾನು ಎಷ್ಟು ಹೇಳಿದೆ! ಕೊರಳಲ್ಲಿ ಅದು ಇಲ್ಲದೆ ತನ್ನ ಎಂಜಲನ್ನು ಸಹ ನುಂಗಬಾರದಂತೆ. ಮನೆಗೆ ಹೋಗಿ ಪೂಜೆ ಮಾಡಿದ ಮೇಲೆಯೇ ಅವ ನೀರು ಕುಡಿದದ್ದು. ಅಜ್ಜಿ ನಿನ್ನ ಕೈ ಬೇಡ ಅಂದದ್ದಲ್ಲ ವಾರಿಜಾ. ಅವಳು ಲಿಂಗ ಕೇಳಿದ್ದು."

ನನ್ನ ಕೈಯಲ್ಲಿದ್ದ ಮೀನು ನೀರಿಗೆ ಬಿತ್ತು. ನಾನು ಹೇಗೆ ಎದ್ದೆನೋ, ಹೇಗೆ ಹೋದೆನೋ ನೆನಪಿಲ್ಲ.

ಬಾಗಿಲು ಒಳಗಿನಿಂದ ಹಾಕಿತ್ತು. ಒಡೆಯುವ ಹಾಗೆ ಬಡಿದೆ. ಚನ್ನವ್ವ ತೆರೆದಳು. ಒಳಗೆ ನುಗ್ಗಿ ಚಾದರ ಎಳೆದೆ. ದಾನವ್ವ ಕಣ್ಣು ಅರೆ ತೆರೆದು ಮಲಗಿದ್ದಳು. ತುಟಿ ಒಡೆದಿತ್ತು. ಮೂಗಿನ ಎರಡೂ ಕಡೆ ಬೆರಳಿನ ಕಪ್ಪು ಗುರುತುಗಳಿದ್ದವು. ಕೊರಳ ಹಿಂಭಾಗದಲ್ಲಿ ದಾರ ಕೊಯ್ದ ಕೆಂಪು ಗೆರೆ. ತಲೆಯೆತ್ತಿ ನೋಡಿದೆ. ಹಲಗೆಯ ಮೇಲೆ, ಸೀಮೆಎಣ್ಣೆಯ ಡಬ್ಬಿಯ ಹಿಂದೆ, ಬೆಳ್ಳಿಯ ಕರಡಿಗೆ. ಅದರಿಂದ ಹರಿದ ದಾರ ಜೋತುಬಿದ್ದಿತ್ತು.

"ಯಾರು ತೆಗೆದದ್ದು?"

ಚನ್ನವ್ವ ಗೋಡೆಗೆ ಒರಗಿ ಹಾಗೆಯೇ ಕುಸಿದು ಕೂತಳು. ಅವಳು ಹೇಳಿದ್ದನ್ನು ನಾನು ನಿಂತೇ ಕೇಳಿದೆ.

"ನಾನ ತಗದೇನಿ ಅಕ್ಕಾ. ಹ್ವಾದ ಸೋಮವಾರ ನಳಾ ಬರಲಿಲ್ಲ. ಮನಿಯಾಗ ಒಂದ ಕೊಡ ನೀರು. ಕೂಸಿಗೆ ಕುಡ್ಯಾಕ ಬೇಕಲ್ರಿ? ಆಕಿ ಹೊಲಸ ಮಾಡ್ಕೊಂಡು ನೆಲಾ ಬಡ್ಯಾಕ ಹತ್ತಿದ್ಲು, ಲಿಂಗಕ್ಕ ಮೈಲಿಗಿ ಆತು, ಜಳಕ ಮಾಡಸು ಅಂತ. ಬಡದಳು, ಬಡದಳು. ನನಗ ಏನಾತೋ ಗೊತ್ತಿಲ್ಲ ಅಕ್ಕಾ. ಲಿಂಗ ಇದ್ರ ತಾನ ಜಳಕ ಅಂತ ಹರದು ತಗದು ಮ್ಯಾಲೆ ಇಟ್ಟೆ. ಹಸಿವಾದ್ರ ತಾನ ಬಾಯಿ ತಗೀತಾಳ ಅನಕೊಂಡೆ. ತಗೀಲಿಲ್ಲ. ನೀರರ ಹೋಗಲಿ ಅಂತ ಮೂಗ ಹಿಡದು ಹಾಕೇನಿ."

"ಮತ್ತೆ ಯಾಕೆ ಕಟ್ಟಲಿಲ್ಲ? ಗದಿಗೆಪ್ಪನಿಗೆ ಯಾಕೆ ಹೇಳಲಿಲ್ಲ?"

"ಹರದ ದಾರಕ್ಕ ಲಿಂಗ ಮತ್ತ ಕಟ್ಟಾಕ ಸ್ವಾಮ್ಯಾರು ಬರಬೇಕು. ಬಂದ್ರ ಕೇಳ್ತಾರ, ಯಾರು ಹರದ್ರು ಅಂತ. ಇವರಿಗೆ ಗೊತ್ತಾದ್ರ?" ಅವಳು ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ಅವತ್ತ ನೀವು ಹೇಳಿದಾಗ ಹೆಂಗ ಹೊಡದ್ರು ಅಂತ ನಿಮಗ ಕೇಳಸಲಿಲ್ಲೇನು? ಇವರು ಬಾಗಲದಾಗ ನಿಂತು 'ಅವ್ವ ಉಂಡಾಳೇನು' ಅಂತಾರ. ಉಂಡಾಳ ಅಂತೀನಿ. ಚಾದರ ಎತ್ತಿ ಒಂದ ದಿನ ನೋಡಲಿಲ್ಲ."

"ನನ್ನನ್ನು ಯಾಕೆ ಕರೆದೆ ಹಾಗಾದರೆ?"

"ನಮ್ಮವರನ್ನ ಕರದ್ರ ಮೊದಲ ಕೊರಳ ನೋಡ್ತಾರ. ನಿಮಗ ತಿಳಿಯಂಗಿಲ್ಲ ಅಂತ ಕರದೆ."

ನನಗೆ ಅವಳ ಜುಟ್ಟು ಹಿಡಿದು ಹೊಡೆಯಬೇಕೆನ್ನಿಸಿತು. ಅದೇ ಕ್ಷಣ ಅವಳ ಪಾದ ಕಂಡೆ. ಬಾವು ಬಂದು, ಹಿಮ್ಮಡಿ ಒಡೆದು ರಕ್ತ ಒಣಗಿತ್ತು. ನಾಲ್ಕು ತಿಂಗಳಿನಿಂದ ಈ ಹುಡುಗಿ ಒಂದು ಹೊತ್ತು ಕಾಲು ಚಾಚಿ ಕೂತಿರಲಿಲ್ಲ. ಅದು ಗೋಡೆಯ ಈಚೆಗಿದ್ದ ನನಗೆ ಗೊತ್ತಿರಲಿಲ್ಲವೇ? ಅವಳು ಮಾಡಿದ್ದು ಪಾಪ. ಅದನ್ನು ನಾನು ಇವತ್ತಿಗೂ ಪಾಪವೆಂದೇ ಹೇಳುತ್ತೇನೆ. ಆದರೆ ಆಗ ಕೈ ಎತ್ತಲು ನನಗೆ ಯೋಗ್ಯತೆ ಇರಲಿಲ್ಲ.

ಮೋನಪ್ಪ ಬಾಗಿಲಿಗೆ ಬಂದು ನಿಂತಿದ್ದ. ಅವನನ್ನು ಡಾಕ್ಟರ ಬಳಿಗೆ ಓಡಿಸಿದೆ. ನಮ್ಮ ಮನೆಯ ಪೀಪಾಯಿಯಿಂದ ಎರಡು ಬಾಲ್ದಿ ನೀರು ತಂದೆ. ನಾನೂ ಚನ್ನವ್ವನೂ ದಾನವ್ವನನ್ನು ಮೋರಿಗೆ ಎತ್ತಿಕೊಂಡು ಹೋದೆವು. ನನ್ನ ಸತ್ತ ಮಗುವಿನ ನಂತರ ಅಷ್ಟು ಹಗುರವಾದದ್ದನ್ನು ನಾನು ಎತ್ತಿರಲಿಲ್ಲ. ಬೆನ್ನ ತುಂಬ ಹುಣ್ಣು. ನೀರು ತಲೆಯಿಂದ ಇಳಿದಾಗ ಅವಳು ಕಣ್ಣು ಪೂರ್ತಿ ತೆರೆದಳು.

ಮಡಿ ಸೀರೆ ಸುತ್ತಿ ಗೋಡೆಗೆ ಆನಿಸಿ ಕೂಡಿಸಿದ ಮೇಲೆ, ಚನ್ನವ್ವ ಕರಡಿಗೆ ಇಳಿಸಿ ನನ್ನ ಕಡೆ ಚಾಚಿದಳು. "ನೀವ ಇಡ್ರಿ ಅಕ್ಕಾ, ನನ್ನ ಕೈಯಿಂದ ಬ್ಯಾಡ." ನಾನು ನನ್ನ ಬೆರಳುಗಳನ್ನು ನೋಡಿಕೊಂಡೆ. ಉಗುರಿನ ಸಂದಿಯಲ್ಲಿ ಮೀನಿನ ಪೊರೆ ಅಂಟಿತ್ತು. "ಹರಿದವಳು ನೀನು, ಇಡುವವಳೂ ನೀನೇ ಆಗಬೇಕು," ಎಂದೆ.

ಚನ್ನವ್ವ ಅತ್ತೆಯ ಎಡ ಅಂಗೈಯನ್ನು ಬಿಡಿಸಿ ಲಿಂಗ ಇಟ್ಟಳು. ಸುರಿದ ನೀರು ಅರ್ಧ ನೆಲಕ್ಕೆ ಚೆಲ್ಲಿತು. ವಿಭೂತಿ ಹಚ್ಚಿದಳು. ಹೂವಿರಲಿಲ್ಲ. ದಾನವ್ವ ಲಿಂಗವನ್ನೇ ನೋಡುತ್ತ ಕೂತಳು. ಅವಳ ಕಣ್ಣಿನಿಂದ ಒಂದೇ ಸಮನೆ ನೀರು ಇಳಿಯುತ್ತಿತ್ತು, ಸದ್ದಿರಲಿಲ್ಲ. ಕೊನೆಗೆ ಬೆರಳುಗಳನ್ನು ಮಡಚಿ ಲಿಂಗವನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಕೋಣೆಯಲ್ಲೆಲ್ಲ ಕಣ್ಣಾಡಿಸಿ, ನನ್ನನ್ನು ಹುಡುಕಿದಳು. ನನ್ನ ಮುಖದ ಮೇಲೆ ನೋಟ ನಿಲ್ಲಿಸಿ, ಬಾಯಿ ತೆರೆದಳು.

ಚನ್ನವ್ವನ ಒಲೆಯ ಮೇಲೆ ಅನ್ನದ ಗಂಜಿ ಇತ್ತು. ಅವಳೇ ತಂದು ಚಮಚವನ್ನು ಹಿಡಿಯಹೋದಳು. ದಾನವ್ವ ತಲೆಯಾಡಿಸಿ, ಗದ್ದವನ್ನು ನನ್ನ ಕಡೆಗೆ ಎತ್ತಿದಳು. ನೀನು ಉಣಿಸು.

ನಾನು ಕೈ ತೊಳೆದೆನೋ ಇಲ್ಲವೋ ತಿಳಿಯದು. ಒಂದು ಚಮಚ ಗಂಜಿಯನ್ನು ಅವಳ ಬಾಯಿಗೆ ಹಾಕಿದೆ. ಅವಳು ನುಂಗಲು ನೋಡಿದಳು. ಗಂಟಲಲ್ಲಿ ಇಳಿಯಲಿಲ್ಲ. ಗಂಜಿ ತುಟಿಯ ಕೊನೆಯಿಂದ ಹೊರಗೆ ಹರಿದು ನನ್ನ ಮಣಿಕಟ್ಟಿನ ಮೇಲೆ ಬಿತ್ತು. ಇನ್ನೊಂದು ಚಮಚ ಹಾಕಿದೆ, ಅರ್ಧವೇ ಅರ್ಧ. ಅದೂ ಹೊರಗೆ ಬಂತು. ಅವಳು ಮತ್ತೆ ಬಾಯಿ ತೆರೆದಳು. ನನಗೆ ಬೇಸರವಾಗದಿರಲಿ ಎಂದು ತೆರೆದಳು, ಅದು ನನಗೆ ಗೊತ್ತು. "ಸಾಕು ಅಜ್ಜಿ, ಸಾಕು," ಎಂದು ನಾನು ಅವಳ ತೊಡೆಯ ಮೇಲೆ ಬಿದ್ದು ಅತ್ತೆ.

ಡಾಕ್ಟರು ಬಂದರು, ಸೂಜಿ ಚುಚ್ಚಿದರು, ತಡವಾಯಿತು ಎಂದರು. ದಾರ ಹೇಗೆ ಹರಿಯಿತೆಂದು ಗದಿಗೆಪ್ಪ ಆಗಲೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಬುಧವಾರ ಮಧ್ಯಾಹ್ನ, ನಳದಲ್ಲಿ ನೀರಿಲ್ಲದ ಹೊತ್ತಿನಲ್ಲಿ, ದಾನವ್ವ ಹೋದಳು.

ಅವರ ಕಡೆಯ ಜನ ಎಲ್ಲೆಲ್ಲಿಂದಲೋ ಬಂದರು. ಮುಕಾದಮ ಶಿವಪುತ್ರಪ್ಪನೂ ಬಂದ. ಶವವನ್ನು ಗೋಡೆಗೆ ಆನಿಸಿ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಎಡಗೈಯಲ್ಲಿ ಲಿಂಗವಿತ್ತು, ಬೆರಳು ಬಿಡಿಸಲು ಯಾರಿಗೂ ಆಗಲಿಲ್ಲ. ಶಿವಪುತ್ರಪ್ಪ ಅದನ್ನು ನೋಡಿ ಕೈಮುಗಿದ.

"ಕಡೀತನಾ ಲಿಂಗ ಬಿಡಲಿಲ್ಲ ನೋಡ್ರಿ, ಪುಣ್ಯವಂತಿ. ಹಾಸಗಿ ಹಿಡದಾಕೀಗೂ ಪೂಜಿ ತಪ್ಪಿಸಿಲ್ಲ ಈ ಹೆಣ್ಮಗಳು. ಸೊಸಿ ಅಂದ್ರ ಹಿಂಗಿರಬೇಕು."

ಹೌದು ಹೌದು ಎಂದರು ಎಲ್ಲರೂ. ಗದಿಗೆಪ್ಪ ತಲೆ ಬಡಿದುಕೊಂಡು ಅತ್ತ. ಚನ್ನವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಡುಗುತ್ತಿದ್ದಳು. ಅದು ದುಃಖವೆಂದು ಹೆಂಗಸರು ಅವಳ ಬೆನ್ನು ಸವರಿದರು. ಚಾಳಿಗೆಲ್ಲ ಕೇಳಿಸುವ ನನ್ನ ಬಾಯಿ ಆ ದಿನ ತೆರೆಯಲಿಲ್ಲ. ಅವಳ ಹೊಟ್ಟೆಯನ್ನು ನೆನೆದು ಸುಮ್ಮನಿದ್ದೆ ಎಂದು ಹೇಳಬಹುದು. ನನ್ನ ಶುಕ್ರವಾರದ ಬಂಗುಡೆ ನೆನೆದೂ ಸುಮ್ಮನಿದ್ದೆ.

ಹದಿನೈದು ದಿನ ಕಳೆದು ಚನ್ನವ್ವ ನನ್ನ ಕಂಚಿನ ಪಾತ್ರೆಯನ್ನು ತಂದಳು. ಆ ಬುಧವಾರ ನಾನು ಕುಕ್ಕಿ ಬಂದದ್ದು ಅವರಲ್ಲೇ ಉಳಿದಿತ್ತು. ತಿಕ್ಕಿ ಬೆಳಗಿದ್ದಳು. ತಳದಲ್ಲಿ ಒಂದು ಕಡೆ ಚಪ್ಪಟೆಯಾಗಿತ್ತು. ಪಾತ್ರೆ ಕೊಟ್ಟರೂ ಅವಳು ಹೋಗಲಿಲ್ಲ. ಹೊಸ್ತಿಲಲ್ಲಿ ಕೂತಳು.

"ಅಕ್ಕಾ, ಅವತ್ತ ನೀವು ಬೈದು ಎದ್ದು ಹೊಂಟಾಗ ನಾ ಬಾಗಲದಾಗ ನಿಂತಿದ್ದೆ. ನಿಮಗ ತಿಳಿಯಂಗಿಲ್ಲ ಅಂತ ಕರದಾಕಿ ನಾನ. ಆದ್ರ ಆಕಿ ನಿಮ್ಮ ಕೈ ಹಿಡದು ಕೊರಳಿಗೆ ಒತ್ತಕೊಂಡಾಗ, ಇವರು ಒಂದ ಮಾತ ಕೇಳಲಿ ಅಂತ ಅನಸ್ತು. 'ಲಿಂಗ ಎಲ್ಲೈತಿ ಚನ್ನವ್ವಾ' ಅಂತ ಕೇಳಿದ್ರ ಸಾಕಿತ್ತು. ಅಲ್ಲೇ ಇಳಿಸಿ ಕೊಟ್ಟಬಿಡತಿದ್ದೆ. ಯಾರರ ಕೇಳಲಿ ಅಂತ ಕಾಯಾಕ ಹತ್ತಿದ್ದೆ ಅಕ್ಕಾ."

ಒಳಗೆ ಹೋಗಿ ಅವಳಿಗೆ ಒಂದು ಲೋಟ ನೀರು ತಂದುಕೊಟ್ಟೆ. ಮರುದಿನ ಬೆಳಿಗ್ಗೆ ಐದು ಗಂಟೆಗೆ ಎದ್ದು ಅವಳ ಬಾಲ್ದಿಯನ್ನೂ ತೆಗೆದುಕೊಂಡು ನಳಕ್ಕೆ ಇಳಿದೆ. ಅವಳ ಹೆರಿಗೆಯವರೆಗೂ ನಾನೇ ಹೊತ್ತೆ. ಒಂದು ಬಾಲ್ದಿ ಅವಳದು, ಒಂದು ನನ್ನದು, ಎರಡು ಮಾಳಿಗೆ. ಅಷ್ಟೇನೂ ಭಾರವಿರಲಿಲ್ಲ.